ಮುಂಗಡ ಪಡೆದ ಮನೆಯವರಿಗೆ ದೂರು ಕೊಡುವ ಹಕ್ಕಿದೆಯೇ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಹೊಲಿಗೆ ಕೆಲಸ ಮಾಡಿಕೊಂಡಿದ್ದೇನೆ. ನನ್ನ ತಂಗಿಯ ಸಂಸಾರ ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿದೆ. ಎರಡು ಕೊಳವೆಬಾವಿ ಕೊರೆಸಿ ನೀರು ಬಾರದೆ ಸಾಲವಾದಾಗ, ಅದೇ ಊರಿನ ಮೇಸ್ತ್ರಿಯೊಬ್ಬ ತಂಗಿಯ ಗಂಡನಿಗೆ 40,000 ರೂಪಾಯಿ ಮುಂಗಡ ಕೊಟ್ಟ. ಎಸ್ಸೆಸ್ಸೆಲ್ಸಿ ನಪಾಸಾಗಿ ಮನೆಯಲ್ಲಿದ್ದ ಅವರ ಮಗಳನ್ನು ಬೆಂಗಳೂರಿನಲ್ಲಿ ಮನೆಗೆಲಸಕ್ಕೆ ಸೇರಿಸುವುದಾಗಿ ಹೇಳಿ ಕರೆದುಕೊಂಡು ಹೋದ. ಬರುವ ಶ್ರಾವಣಕ್ಕೆ ಅವಳಿಗೆ ಹದಿನೇಳು ತುಂಬುತ್ತದೆ. ಎರಡು ತಿಂಗಳು ಫೋನ್ ಮಾಡುತ್ತಿದ್ದಳು, ಆಮೇಲೆ ಐದು ತಿಂಗಳು ಸುದ್ದಿಯಿಲ್ಲ. ಹೋದ ವಾರ ಯಾವುದೋ ನಂಬರಿನಿಂದ ನನಗೆ ಕರೆ ಮಾಡಿ, ‘ದೊಡ್ಡಮ್ಮ, ನಾನು ಆ ಮನೇಲಿಲ್ಲ, ಬೇರೆ ಕಡೆ ಬಿಟ್ಟಿದಾರೆ, ಮುಂಗಡ ತೀರೋವರೆಗೂ ಕಳಿಸಲ್ಲ ಅಂತಾರೆ’ ಎಂದಷ್ಟೇ ಹೇಳಿದಳು. ಹಿಂದೆ ಯಾರೋ ಮರಾಠಿಯಲ್ಲಿ ಕೂಗುತ್ತಿದ್ದರು. ಠಾಣೆಗೆ ಹೋದರೆ, ‘ನೀವೇ ದುಡ್ಡು ತಗೊಂಡು ಕಳಿಸಿದ್ದೀರಿ, ಬೆಂಗಳೂರಿಗೆ ಹೋಗಿ ದೂರು ಕೊಡಿ’ ಎಂದರು. ಮೇಸ್ತ್ರಿ 70,000 ಕೊಟ್ಟರೆ ಕರೆತರುತ್ತೇನೆ ಎನ್ನುತ್ತಿದ್ದಾನೆ. ತಂಗಿಯ ಗಂಡ ಕುರಿಗಳನ್ನು ಮಾರಲು ಸಿದ್ಧರಾಗಿದ್ದಾರೆ. ಹಣ ಕೊಡುವುದೇ? ದೂರು ಕೊಟ್ಟರೆ ತಂಗಿಯ ಗಂಡನನ್ನೇ ಬಂಧಿಸುತ್ತಾರೆಯೇ? ಹುಡುಗಿಯನ್ನು ಹಾಸ್ಟೆಲಿನಂಥ ಕಡೆ ಕೂಡಿಹಾಕುತ್ತಾರಂತೆ, ಹೆಸರು ಪೇಪರಿನಲ್ಲಿ ಬರುತ್ತದಂತೆ, ನಿಜವೇ? ಅವಳು ಮತ್ತೆ ಫೋನ್ ಮಾಡಿದರೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರು ಇದ್ದರೂ ಅವೆಲ್ಲದರ ಬುಡದಲ್ಲಿರುವ ಅಳುಕು ಒಂದೇ ಎಂದು ನನಗೆ ತೋರುತ್ತದೆ: ಹಣ ಪಡೆದು ಕಳುಹಿಸಿದವರು ನಾವೇ ಆಗಿರುವಾಗ ಯಾವ ಮುಖ ಹೊತ್ತು ಠಾಣೆಯ ಮೆಟ್ಟಿಲು ಹತ್ತುವುದು? ದಾವಣಗೆರೆ ಮತ್ತು ಚಿತ್ರದುರ್ಗದ ನ್ಯಾಯಾಲಯಗಳಲ್ಲಿ ಎರಡು ದಶಕಗಳಿಂದ ವಕೀಲಿ ಮಾಡುತ್ತಿರುವ, ಅದರಲ್ಲೂ ಉಚಿತ ಕಾನೂನು ನೆರವಿನ ಪ್ರಕರಣಗಳನ್ನೇ ಹೆಚ್ಚಾಗಿ ನಡೆಸಿರುವ ನಾನು ಈ ಅಳುಕನ್ನು ಬಹಳಷ್ಟು ತಂದೆತಾಯಿಯರ ಮುಖದಲ್ಲಿ ಕಂಡಿದ್ದೇನೆ. ಮೇಸ್ತ್ರಿಗಳು ನೆಚ್ಚಿಕೊಂಡಿರುವುದೂ ಇದನ್ನೇ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನೀವು ಮುಚ್ಚಿಡಬೇಕೆಂದುಕೊಂಡಿರುವ ಆ 40,000 ರೂಪಾಯಿಯೇ ಮೇಸ್ತ್ರಿಯ ವಿರುದ್ಧ ನಿಮ್ಮ ಕೈಯಲ್ಲಿರುವ ಬಲವಾದ ಸಾಕ್ಷ್ಯ.

ಇದು ನಿಮ್ಮ ಸಮಾಧಾನಕ್ಕಾಗಿ ಆಡಿದ ಮಾತಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 143 ಮಾನವ ಕಳ್ಳಸಾಗಣೆಯನ್ನು ವಿವರಿಸುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ 2013ರ ತಿದ್ದುಪಡಿಯಿಂದ ಬಂದ ಕಲಂ 370ರ ಮುಂದುವರಿಕೆ ಇದು. ಶೋಷಣೆಯ ಉದ್ದೇಶದಿಂದ ಒಬ್ಬರನ್ನು ಸೇರಿಸಿಕೊಳ್ಳುವುದು, ಸಾಗಿಸುವುದು, ಇರಿಸಿಕೊಳ್ಳುವುದು, ಇನ್ನೊಬ್ಬರಿಗೆ ದಾಟಿಸುವುದು, ಬರಮಾಡಿಕೊಳ್ಳುವುದು ಎಲ್ಲವೂ ಇದರೊಳಗೆ ಬರುತ್ತವೆ. ಬೆದರಿಕೆ, ಬಲಪ್ರಯೋಗ, ಅಪಹರಣ, ವಂಚನೆ ಮತ್ತು ಅಧಿಕಾರದ ದುರ್ಬಳಕೆಯ ಜೊತೆಗೆ ಕಾನೂನು ಹೆಸರಿಸುವ ಇನ್ನೊಂದು ದಾರಿಯೆಂದರೆ, ಆ ವ್ಯಕ್ತಿಯ ಮೇಲೆ ಹತೋಟಿಯಿರುವವರ ಒಪ್ಪಿಗೆ ಪಡೆಯಲು ಹಣ ಅಥವಾ ಲಾಭ ಕೊಡುವ ಆಮಿಷ. ನಿಮ್ಮ ತಂಗಿಯ ಗಂಡನ ಕೈಗೆ ಬಿದ್ದ ನೋಟುಗಳು ಅಕ್ಷರಶಃ ಅದೇ. ಸಾಗಿಸಲ್ಪಟ್ಟವರ ಒಪ್ಪಿಗೆ ಇತ್ತೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದೂ ಅದೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಹುಡುಗಿ ತಾನಾಗಿ ಬಸ್ಸು ಹತ್ತಿದಳು ಎಂಬ ವಾದ ಅಲ್ಲಿಗೆ ಮುಗಿಯಿತು. ಸಾಗಿಸಲ್ಪಟ್ಟವರು ಹದಿನೆಂಟರೊಳಗಿನವರಾಗಿದ್ದರೆ ಶಿಕ್ಷೆ ಕನಿಷ್ಠ 10 ವರ್ಷ, ಗರಿಷ್ಠ ಜೀವಾವಧಿ.

ಹಾಗೆಂದು ಊರು ಬಿಟ್ಟು ದುಡಿಯಲು ಹೋದ ಪ್ರತಿಯೊಬ್ಬರೂ ಕಳ್ಳಸಾಗಣೆಗೆ ಒಳಗಾದವರೆಂದು ನಾನು ಹೇಳುವುದಿಲ್ಲ. ಜಗಳೂರು, ಮೊಳಕಾಲ್ಮುರು, ಚಳ್ಳಕೆರೆ ಕಡೆಯ ಜನ ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು, ಕಾಫಿ ಹಣ್ಣು ಬಿಡಿಸುವ ಕಾಲಕ್ಕೆ ಮಲೆನಾಡಿನ ಕಡೆ ಮುಖ ಮಾಡುವುದು ತಲೆಮಾರುಗಳಿಂದ ನಡೆದು ಬಂದಿದೆ. ಅವರಲ್ಲಿ ಹೆಚ್ಚಿನವರು ಯುಗಾದಿಗೋ ಜಾತ್ರೆಗೋ ಕೈಯಲ್ಲಿ ನಾಲ್ಕು ಕಾಸು ಹಿಡಿದು ಮರಳುತ್ತಾರೆ. ಮುಂಗಡ ಪಡೆಯುವುದೂ ತನ್ನಷ್ಟಕ್ಕೆ ಅಪರಾಧವಲ್ಲ. ಹದಿನಾರು ವರ್ಷದ ಹುಡುಗಿ ಮನೆಗೆಲಸಕ್ಕೆ ಸೇರಿದ ಮಾತ್ರಕ್ಕೆ ಬಾಲಕಾರ್ಮಿಕ ಕಾಯ್ದೆಯ ಉಲ್ಲಂಘನೆ ಆಗಿಬಿಡುವುದಿಲ್ಲ. ಆ ಕಾಯ್ದೆ ಪೂರ್ತಿ ನಿಷೇಧಿಸುವುದು ಹದಿನಾಲ್ಕರೊಳಗಿನವರ ದುಡಿಮೆಯನ್ನು, ಹದಿನಾಲ್ಕರಿಂದ ಹದಿನೆಂಟರವರೆಗಿನವರಿಗೆ ಅಪಾಯಕಾರಿ ಕೆಲಸಗಳನ್ನು ಮಾತ್ರ. ಠಾಣೆಯವರು ನಿಮ್ಮನ್ನು ವಾಪಸು ಕಳುಹಿಸಿದ್ದು ಬಹುಶಃ ಈ ಗೊಂದಲದಿಂದಲೇ ಇರಬೇಕು. ಆದರೆ ನಿಮ್ಮ ಪ್ರಕರಣದಲ್ಲಿ ಹುಡುಗಿಯನ್ನು ಹೇಳಿದ ಮನೆಯಲ್ಲಿ ಇರಿಸಿಲ್ಲ, ಮನೆಯವರಿಗೆ ತಿಳಿಸದೆ ಬೇರೆ ಕಡೆಗೆ ದಾಟಿಸಿದ್ದಾರೆ, ಮಾತು ತಪ್ಪಿಸಿದ್ದಾರೆ, ಸಾಲ ತೀರುವವರೆಗೆ ಬಿಡುವುದಿಲ್ಲ ಎಂದಿದ್ದಾರೆ. ಇಷ್ಟು ಸೇರಿದಾಗ ಅದನ್ನು ಗುಳೆ ಎಂದು ಕರೆಯಲು ಬರುವುದಿಲ್ಲ. ಮಗುವನ್ನು ದುಡಿಮೆಗಾಗಿ ಬಂಧನದಲ್ಲಿಟ್ಟು ಅದರ ಗಳಿಕೆಯನ್ನು ತಡೆಹಿಡಿಯುವುದು 2015ರ ಬಾಲನ್ಯಾಯ ಕಾಯ್ದೆಯ ಕಲಂ 79ರ ಪ್ರಕಾರವೂ ಅಪರಾಧ. ಅಲ್ಲಿ ಹದಿನೆಂಟು ತುಂಬದವರೆಲ್ಲರೂ ಮಕ್ಕಳೇ.

ಕಳ್ಳಸಾಗಣೆ ಎಂದೊಡನೆ ನಮ್ಮ ಜನರ ಕಣ್ಣಿಗೆ ಕಟ್ಟುವುದು ಕಪ್ಪು ಗಾಜಿನ ವ್ಯಾನು ಮತ್ತು ಅಪರಿಚಿತರು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್ಆ್ಯಪ್ ಸುಳ್ಳು ಸುದ್ದಿಗೆ ಬೀದರ್ ಜಿಲ್ಲೆಯಲ್ಲಿ ಏನೂ ಅರಿಯದ ಒಬ್ಬ ಯುವಕನನ್ನು ಗುಂಪು ಹೊಡೆದು ಕೊಂದಿತು. ಆದರೆ ನಾನು ನಡೆಸಿದ ಪ್ರಕರಣಗಳಲ್ಲಿ ಆರೋಪಿಯ ಸ್ಥಾನದಲ್ಲಿ ನಿಂತಿದ್ದವರು ಸೋದರತ್ತೆಯ ಮೈದುನ, ಪಕ್ಕದ ಓಣಿಯ ಹೆಂಗಸು, ಹಿಂದಿನ ವರ್ಷ ಇಡೀ ಊರನ್ನು ಕೆಲಸಕ್ಕೆ ಕರೆದೊಯ್ದು ಸರಿಯಾಗಿ ಕೂಲಿ ಕೊಟ್ಟಿದ್ದ ಮೇಸ್ತ್ರಿ, ಇಂಥವರೇ. ಜಗಲಿಯ ಮೇಲೆ ಕೂತು ಚಹಾ ಕುಡಿದವನ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ಈ ವ್ಯವಹಾರ ಹೇಗೆ ಬಿಗಿಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ 70,000ದ ಪ್ರಶ್ನೆಗೆ ಉತ್ತರ ಅದರೊಳಗೇ ಇದೆ. ಕೆಲವು ವರ್ಷಗಳ ಹಿಂದೆ ಚಿತ್ರದುರ್ಗ ಜಿಲ್ಲೆಯ ಕುಟುಂಬವೊಂದರ ಪ್ರಕರಣದಲ್ಲಿ ಮೇಸ್ತ್ರಿಯ ಲೆಕ್ಕದ ಪುಸ್ತಕ ನನ್ನ ಕೈಗೆ ಬಂದಿತ್ತು. ಮಕ್ಕಳು ಕಾಪಿ ಬರೆಯುವ ಎರಡು ಗೆರೆಯ ಸಣ್ಣ ಪುಸ್ತಕ, ರಟ್ಟಿನ ಮೇಲೆ ಅರಿಶಿನದ ಕಲೆ. ಮೊದಲ ಪುಟದಲ್ಲಿ ಮುಂಗಡ 25,000 ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಅದರ ಕೆಳಗೆ ಬಸ್ ಚಾರ್ಜು 650, ಚಾಪೆ 300, ಮಾತ್ರೆ 120 ಎಂದು ಪಟ್ಟಿ ಸಾಗುತ್ತಿತ್ತು. ದಿನದ ಕೂಲಿ 300 ಎಂದು ಹಿಡಿದಿದ್ದರು. ಜ್ವರ ಬಂದು ಒಂದು ದಿನ ಮಲಗಿದ್ದಕ್ಕೆ 400 ಕಡಿದಿದ್ದರು. ಹನ್ನೊಂದು ತಿಂಗಳ ದುಡಿಮೆಯ ನಂತರ ಕೊನೆಯ ಪುಟದಲ್ಲಿದ್ದ ಬಾಕಿ 31,400. ಆ ಪುಸ್ತಕ ನೋಡಿದ ಮೇಲೆ, ಮುಂಗಡ ತೀರಿಸುತ್ತೇವೆ ಎಂದು ಯಾರಾದರೂ ನನ್ನೆದುರು ಹೇಳಿದರೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ನಿಮ್ಮ 40,000 ಏಳು ತಿಂಗಳಲ್ಲಿ 70,000 ಆಗಿರುವುದೂ ಇದೇ ಗಣಿತದಿಂದ. ಈ ಹಣವನ್ನು ಕೊಡಬೇಡಿ. ಕೊಟ್ಟರೆ ಹುಡುಗಿ ಬರುತ್ತಾಳೆಂಬ ಭರವಸೆಯಿಲ್ಲ. ಮನೆಯವರು ಕೊಡಬಲ್ಲರು ಎಂದು ಗೊತ್ತಾದ ಮೇಲೆ ಮೊತ್ತ ಇನ್ನಷ್ಟು ಏರಿದ್ದನ್ನೂ ನಾನು ನೋಡಿದ್ದೇನೆ. ಒಂದು ವೇಳೆ ಅವಳು ಬಂದರೂ ಸದ್ದಿಲ್ಲದೆ ಬರುತ್ತಾಳೆ, ಯಾವ ದಾಖಲೆಯೂ ಇರುವುದಿಲ್ಲ, ಅದೇ ಮೇಸ್ತ್ರಿ ಮುಂದಿನ ತಿಂಗಳು ಇನ್ನೊಂದು ಓಣಿಗೆ ಹೋಗುತ್ತಾನೆ. ಕಾನೂನಿನ ಸ್ಥಿತಿಯನ್ನೂ ತಿಳಿದುಕೊಳ್ಳಿ. 1976ರ ಜೀತಪದ್ಧತಿ (ರದ್ದತಿ) ಕಾಯ್ದೆಯ ವ್ಯಾಖ್ಯೆಯಲ್ಲಿ ಸಾಲ ಪಡೆದವನೇ ದುಡಿಯಬೇಕೆಂದಿಲ್ಲ. ಅವನ ಕುಟುಂಬದವರೊಬ್ಬರು ಆ ಮುಂಗಡಕ್ಕಾಗಿ ಓಡಾಟದ ಅಥವಾ ಬೇರೆ ಕೆಲಸ ಹಿಡಿಯುವ ಸ್ವಾತಂತ್ರ್ಯ ಕಳೆದುಕೊಂಡರೂ ಅದು ಜೀತವೇ. ಅಂತಹ ಸಾಲವನ್ನು ಮರುಪಾವತಿಸುವ ಹೊಣೆ ಕಾಯ್ದೆಯ ಪ್ರಕಾರ ಅಳಿದುಹೋಗುತ್ತದೆ. ಅಳಿದ ಸಾಲದ ಹೆಸರಿನಲ್ಲಿ ಹಣ ಸ್ವೀಕರಿಸುವುದೇ ಅಪರಾಧ, ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸವಿದೆ. ಇದು ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಭಾರವೂ ಕೊಟ್ಟವನ ಮೇಲೆಯೇ. ಅವನು 70,000 ಕೇಳಿದ ಸಂದೇಶವೋ ಧ್ವನಿಮುದ್ರಣವೋ ನಿಮ್ಮ ಫೋನಿನಲ್ಲಿದ್ದರೆ ಅಳಿಸಬೇಡಿ, ಯಾರಿಗೂ ಫಾರ್ವರ್ಡ್ ಮಾಡಬೇಡಿ, ಫೋನನ್ನೂ ಬದಲಾಯಿಸಬೇಡಿ. ಕುರಿಗಳು ಹಟ್ಟಿಯಲ್ಲೇ ಇರಲಿ.

ಇನ್ನು ಠಾಣೆಯ ವಿಷಯ. ಬೆಂಗಳೂರಿಗೆ ಹೋಗಿ ಎಂದದ್ದು ತಪ್ಪು. ಅವಳನ್ನು ಸೇರಿಸಿಕೊಂಡದ್ದು, ಹಣ ಕೈಬದಲಾದದ್ದು, ಪ್ರಯಾಣ ಶುರುವಾದದ್ದು ಎಲ್ಲವೂ ಜಗಳೂರು ತಾಲ್ಲೂಕಿನಲ್ಲಿ. ಹಾಗಾಗಿ ಅಪರಾಧದ ಮೊದಲ ಭಾಗ ನಡೆದದ್ದು ನಿಮ್ಮ ಠಾಣೆಯ ಸರಹದ್ದಿನಲ್ಲೇ. ಸರಹದ್ದು ಬೇರೆಯಾಗಿದ್ದರೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ ಯಾವ ಠಾಣೆಯಾದರೂ ಎಫ್‌ಐಆರ್ ದಾಖಲಿಸಿ ನಂತರ ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬಹುದು, ಇದನ್ನೇ ಜನ ಝೀರೋ ಎಫ್‌ಐಆರ್ ಎನ್ನುತ್ತಾರೆ. ಕಾಣೆಯಾದವರ ಬಗ್ಗೆ ದೂರು ಕೊಡಲು ಇಪ್ಪತ್ತನಾಲ್ಕು ಗಂಟೆ ಕಾಯಬೇಕು ಎಂಬ ನಂಬಿಕೆಗೆ ಯಾವ ಕಾನೂನಿನ ಆಧಾರವೂ ಇಲ್ಲ. ಕಾಣೆಯಾದ ಮಕ್ಕಳ ಪ್ರತಿಯೊಂದು ದೂರನ್ನೂ ಎಫ್‌ಐಆರ್ ಆಗಿ ದಾಖಲಿಸಬೇಕು, ಅಪಹರಣ ಅಥವಾ ಕಳ್ಳಸಾಗಣೆ ಎಂದೇ ಭಾವಿಸಿ ತನಿಖೆ ಆರಂಭಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲೇ ಆದೇಶಿಸಿದೆ. ಕಲಂ 143ರ ಮಾಹಿತಿಯನ್ನು ದಾಖಲಿಸಲು ನಿರಾಕರಿಸುವ ಪೊಲೀಸ್ ಅಧಿಕಾರಿಗೆ ನ್ಯಾಯ ಸಂಹಿತೆಯ ಕಲಂ 199ರಡಿ ಕನಿಷ್ಠ ಆರು ತಿಂಗಳ ಶಿಕ್ಷೆಯಿದೆ. ಇದನ್ನು ಠಾಣೆಯಲ್ಲಿ ಕೂಗಿ ಹೇಳುವ ಅಗತ್ಯವಿಲ್ಲ; ನಿಮಗೆ ತಿಳಿದಿದೆ ಎಂಬುದು ಬರವಣಿಗೆಯಲ್ಲಿ ಕಂಡರೆ ಸಾಕು.

ದೂರನ್ನು ಬಾಯಿಮಾತಿನಲ್ಲಿ ಬಿಡದೆ ಬರೆದು ಕೊಡಿ. ‘ಮಗಳು ಕಾಣೆಯಾಗಿದ್ದಾಳೆ’ ಎಂಬ ಒಂದು ಸಾಲಿಗೆ ನಿಲ್ಲಿಸಬೇಡಿ. ಮೇಸ್ತ್ರಿಯ ಹೆಸರು ಮತ್ತು ಮನೆ, ಹಣ ಕೊಟ್ಟ ದಿನ, ಆಗ ಇದ್ದವರು, ಹೊರಟ ದಿನ ಮತ್ತು ವಾಹನ, ಹೇಳಿದ ಕೆಲಸ ಮತ್ತು ಸಂಬಳ, ಕೊನೆಯ ಕರೆಯ ದಿನಾಂಕ, ಹೊತ್ತು, ನಂಬರು, ಅವಳು ಆಡಿದ ಮಾತು ಅವಳದೇ ಪದಗಳಲ್ಲಿ, ಹಿಂದೆ ಕೇಳಿದ ಮರಾಠಿ, 70,000ದ ಬೇಡಿಕೆ, ಎಲ್ಲವೂ ಅದರಲ್ಲಿರಲಿ. ಅವಳ ಶಾಲೆಯ ಜನ್ಮದಿನಾಂಕದ ದೃಢೀಕರಣವನ್ನು ಲಗತ್ತಿಸಿ. ಇದು ಬಹಳ ಮುಖ್ಯ, ಏಕೆಂದರೆ ಆಧಾರ್‌ನಲ್ಲಿ ವಯಸ್ಸು ತಿದ್ದಿಸಿ ಹತ್ತೊಂಬತ್ತು ಮಾಡಿಸುವುದು ಈ ದಂಧೆಯ ಹಳೆಯ ಕೈಚಳಕ. ವಯಸ್ಸಿನ ನಿರ್ಧಾರಕ್ಕೆ ಬಾಲನ್ಯಾಯ ಕಾಯ್ದೆ ಮೊದಲು ನೋಡುವುದು ಶಾಲೆಯ ದಾಖಲೆಯನ್ನು, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರವನ್ನು. ಠಾಣೆಯಲ್ಲಿ ಮತ್ತೆ ನಿರಾಕರಿಸಿದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ವಹಿಸುವಂತೆ ಕೋರಿ. ಜೊತೆಗೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಕ್ಕಳ ಕಲ್ಯಾಣ ಸಮಿತಿಗೂ ಒಂದು ಪ್ರತಿ ಕೊಡಿ. ದಾವಣಗೆರೆಯ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದರೆ ವಕೀಲರನ್ನು ಉಚಿತವಾಗಿ ನೇಮಿಸುತ್ತಾರೆ. ಕಳ್ಳಸಾಗಣೆಗೆ ಒಳಗಾದವರಿಗೆ ಆದಾಯದ ಮಿತಿಯಿಲ್ಲದೆ ಈ ನೆರವು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯೇ ಹೇಳುತ್ತದೆ. ಅದರ ಸಹಾಯವಾಣಿ 15100.

ಕರೆ ಬಂದ ನಂಬರಿಗೆ ನೀವು ತಿರುಗಿ ಫೋನ್ ಮಾಡಬೇಡಿ. ಅದು ಕಾವಲಿನವನದೋ ಅಲ್ಲಿನ ಅಡುಗೆಯವಳದೋ ಆಗಿರಬಹುದು. ನಿಮ್ಮ ಒಂದು ಕರೆ ಹುಡುಗಿಯ ಬೆನ್ನಿಗೆ ಏಟಾಗಬಹುದು. ಮರಾಠಿ ಕೇಳಿಸಿತು ಎಂದ ಮಾತ್ರಕ್ಕೆ ಪುಣೆಯೋ ಕೊಲ್ಹಾಪುರವೋ ಎಂದು ತೀರ್ಮಾನಿಸುವುದೂ ಬೇಡ, ಮರಾಠಿ ಮಾತಾಡುವವರು ಬೆಳಗಾವಿಯಲ್ಲೂ ಇದ್ದಾರೆ, ಬೆಂಗಳೂರಿನಲ್ಲೂ ಇದ್ದಾರೆ. ಕರೆಯ ವಿವರ ತೆಗೆಸುವುದು ಪೊಲೀಸರಿಗೆ ಕೆಲವು ದಿನಗಳ ಕೆಲಸ. ಊರಿನ ನಾಲ್ಕು ಹುಡುಗರು ಜೀಪು ಮಾಡಿಕೊಂಡು ಹೋಗಿ ಕರೆತರುತ್ತೇವೆ ಎಂದು ಮುಂದೆ ಬರುತ್ತಾರೆ, ಅವರ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಗೆ ಹೋದ ಒಂದು ಗುಂಪು ಗೇಟಿನ ಮುಂದೆ ಜಗಳವಾಡುತ್ತಿದ್ದ ಹೊತ್ತಿಗೆ ಹಿಂದಿನ ಬಾಗಿಲಿಂದ ಹುಡುಗಿಯನ್ನು ಸಾಗಿಸಿದ್ದರು. ಮತ್ತೆ ಅವಳ ಸುಳಿವು ಹಿಡಿಯಲು ನಮಗೆ ಎಂಟು ತಿಂಗಳು ಬೇಕಾಯಿತು.

ತಂಗಿಯ ಗಂಡನ ಬಂಧನದ ಬಗ್ಗೆ ಕೇಳಿದ್ದೀರಿ. ಇಲ್ಲಿ ಸುಳ್ಳು ಧೈರ್ಯ ಹೇಳಲಾರೆ. ಶೋಷಣೆಗೆಂದು ತಿಳಿದೂ ಮಗುವನ್ನು ಹಣಕ್ಕೆ ಒಪ್ಪಿಸಿದ ತಂದೆಯನ್ನು ಆರೋಪಿಯಾಗಿಸಲು ಕಾನೂನಿನಲ್ಲಿ ಅವಕಾಶವಿದೆ. ಮನೆಗೆಲಸ, ತಿಂಗಳ ಸಂಬಳ, ಬೆಂಗಳೂರು ಎಂದು ನಂಬಿಸಿ ಕರೆದೊಯ್ದಿದ್ದರೆ ತಂದೆಯೂ ಮೋಸಹೋದವನೇ, ಪ್ರಕರಣದ ಮುಖ್ಯ ಸಾಕ್ಷಿಯೂ ಅವನೇ. ತೊಂದರೆ ಶುರುವಾಗುವುದು ಮೊದಲ ಹೇಳಿಕೆಯಲ್ಲಿ ಹಣವೇ ಪಡೆದಿಲ್ಲ ಎಂದು ಹೇಳಿ, ಮೇಸ್ತ್ರಿ ಹೆಬ್ಬೆಟ್ಟಿನ ಚೀಟಿ ತೋರಿಸಿದಾಗ. ಆಮೇಲೆ ಅವರ ಯಾವ ಮಾತನ್ನೂ ನ್ಯಾಯಾಲಯ ನಂಬುವುದಿಲ್ಲ. ಆದ್ದರಿಂದ ಠಾಣೆಗೆ ಹೋಗುವ ಮೊದಲು ಅವರನ್ನು ಕಾನೂನು ಸೇವಾ ಪ್ರಾಧಿಕಾರದ ವಕೀಲರ ಮುಂದೆ ಕೂರಿಸಿ, ನಡೆದದ್ದನ್ನು ನಡೆದಂತೆಯೇ ಹೇಳಲಿ.

ಹುಡುಗಿ ಸಿಕ್ಕಿದ ಮೇಲೆ ಪ್ರಯಾಣದ ಸಮಯ ಬಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಅಲ್ಲಿನ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ. ನೀವು ಕೂಡಿಹಾಕುವುದು ಎಂದು ಕೇಳಿಸಿಕೊಂಡಿರುವುದು ಇದರ ಮುಂದಿನ ಹಂತವನ್ನು. ಸಮಿತಿ ಅವಳನ್ನು ಬಾಲಮಂದಿರದಲ್ಲಿ ಕೆಲಕಾಲ ಇರಿಸಬಹುದು, ಮನೆಯ ಸ್ಥಿತಿಗತಿಯ ವರದಿಯನ್ನು ಹದಿನೈದು ದಿನಗಳಲ್ಲಿ ತರಿಸಿಕೊಳ್ಳಬೇಕು, ನಾಲ್ಕು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ಮುಂಗಡ ಪಡೆದ ಮನೆಗೆ ತಕ್ಷಣ ಕಳುಹಿಸಲು ಸಮಿತಿ ಹಿಂಜರಿಯುವುದು ಸಹಜ. ಕೆಲವು ಬಾಲಮಂದಿರಗಳ ಬಗ್ಗೆ ನನಗೂ ದೂರುಗಳಿವೆ; ಊಟ, ಜಾಗ, ಮಾತಾಡಿಸುವವರ ಕೊರತೆ ಇರುತ್ತದೆ. ಅವಳು ನಿಮ್ಮ ಜೊತೆ ಇರಲು ಇಷ್ಟಪಟ್ಟರೆ, ದೊಡ್ಡಮ್ಮನಾಗಿ ನಿಮ್ಮ ಮನೆಗೆ ಕಳುಹಿಸುವಂತೆ ಸಮಿತಿಗೆ ಅರ್ಜಿ ಕೊಡಿ. ಸಂಬಂಧಿಕರಿಗೆ ಒಪ್ಪಿಸಲು ಅವಕಾಶವಿದೆ. ಅವಳಿದ್ದದ್ದು ಎಂಥ ಜಾಗವೇ ಆಗಿರಲಿ, ಅವಳು ಆರೋಪಿಯಲ್ಲ. ಲೈಂಗಿಕ ಶೋಷಣೆ ನಡೆದಿದ್ದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಸೇರಿಕೊಳ್ಳುತ್ತದೆ. ಹೆಸರು, ಚಿತ್ರ, ಊರು, ಶಾಲೆ, ಗುರುತು ಸಿಗುವ ಯಾವುದನ್ನೂ ಪ್ರಕಟಿಸುವಂತಿಲ್ಲ, ಪ್ರಕಟಿಸಿದವರಿಗೆ ಶಿಕ್ಷೆಯಿದೆ. ಪೇಪರಿಗಿಂತ ನನಗೆ ಭಯ ಊರಿನ ವಾಟ್ಸ್ಆ್ಯಪ್ ಗುಂಪುಗಳದ್ದು. ಹುಡುಕಾಟಕ್ಕೆಂದು ಅವಳ ಫೋಟೊ ಹಾಕಿದ್ದರೆ ಇಂದೇ ತೆಗೆಸಿ.

ಬಿಡುಗಡೆಯ ಸಂಭ್ರಮದಲ್ಲಿ ಮರೆತುಹೋಗುವ ಕಾಗದವೊಂದಿದೆ, ಜೀತವಿಮುಕ್ತಿ ಪ್ರಮಾಣಪತ್ರ. ಇದನ್ನು ಕೊಡುವವರು ಅವಳು ಪತ್ತೆಯಾದ ಜಿಲ್ಲೆಯ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ. ಅದನ್ನು ಪಡೆಯದೆ ಊರಿಗೆ ಬಂದುಬಿಟ್ಟರೆ ಮತ್ತೊಂದು ರಾಜ್ಯದ ಕಚೇರಿಗೆ ಪತ್ರ ಬರೆಯುತ್ತ ವರ್ಷಗಳೇ ಕಳೆಯುತ್ತವೆ. ಅದಿದ್ದರೆ ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ 30,000 ರೂಪಾಯಿವರೆಗೆ ತಕ್ಷಣದ ನೆರವು ಇದೆ. ಮಹಿಳೆ ಮತ್ತು ಮಕ್ಕಳಿಗೆ 2 ಲಕ್ಷ, ಕಳ್ಳಸಾಗಣೆಯಂಥ ತೀವ್ರ ಪ್ರಕರಣಗಳಲ್ಲಿ 3 ಲಕ್ಷದ ಪೂರ್ಣ ನೆರವೂ ಇದೆ, ಆದರೆ ಅದು ಪ್ರಕರಣದ ತೀರ್ಮಾನಕ್ಕೆ ತಳುಕು ಹಾಕಿಕೊಂಡಿರುವುದರಿಂದ ಅದನ್ನೇ ನೆಚ್ಚಿಕೊಂಡು ಹೊಸ ಸಾಲ ಮಾಡಬೇಡಿ. ಸಂತ್ರಸ್ತರ ಪರಿಹಾರವನ್ನು ಕಾನೂನು ಸೇವಾ ಪ್ರಾಧಿಕಾರದಲ್ಲಿ ಪ್ರತ್ಯೇಕವಾಗಿ ಕೇಳಬಹುದು, ಅದಕ್ಕೆ ಆರೋಪಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಿಲ್ಲ. ನಿಮ್ಮ ಜಾತಿಯನ್ನು ನೀವು ಬರೆದಿಲ್ಲ. ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು ಮೇಸ್ತ್ರಿ ಆ ವರ್ಗಗಳಿಗೆ ಸೇರಿರದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯವಾಗುತ್ತದೆ, ಅದರ ಪರಿಹಾರ ಬೇರೆ.

ವಿಚಾರಣೆ ದೀರ್ಘವಾಗುತ್ತದೆ. ಈ ನಡುವೆ ಮೇಸ್ತ್ರಿಯ ಕಡೆಯವರು ಊರ ಹಿರಿಯರನ್ನು ಕರೆದುಕೊಂಡು ರಾಜಿಗೆ ಬರುತ್ತಾರೆ; ನಾನು ಸೋತ ಪ್ರಕರಣಗಳಲ್ಲಿ ಹೆಚ್ಚಿನವು ಸೋತದ್ದು ನ್ಯಾಯಾಲಯದಲ್ಲಲ್ಲ, ದೇವಸ್ಥಾನದ ಕಟ್ಟೆಯ ಮೇಲೆ. ಬೆದರಿಕೆ ಬಂದರೆ ಸಾಕ್ಷಿ ಸಂರಕ್ಷಣೆಗೆ ಅರ್ಜಿ ಹಾಕಬಹುದು. ಇನ್ನೊಂದು ಒತ್ತಡ ಮನೆಯೊಳಗಿನದು. ಹುಡುಗಿ ಮರಳಿದ ತಿಂಗಳಲ್ಲೇ ‘ಮಾತು ಬೆಳೆಯುವ ಮೊದಲು’ ಮದುವೆ ಮಾಡಿಬಿಡೋಣ ಎಂಬ ಯೋಚನೆ ಬರುತ್ತದೆ. ಹದಿನೆಂಟರೊಳಗಿನ ಮದುವೆ ಕರ್ನಾಟಕದಲ್ಲಿ ಆರಂಭದಿಂದಲೇ ಅಸಿಂಧು, ಮಾಡಿಸಿದವರ ಮೇಲೆ ಪ್ರಕರಣ ಬೇರೆ. ಅವಳು ಹಗಲೆಲ್ಲ ಮಲಗಬಹುದು, ಸಿಡುಕಬಹುದು, ವಾರಗಟ್ಟಲೆ ಏನೂ ಹೇಳದೆ ಇರಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು, ಮಹಿಳೆಯರಿಗಾಗಿರುವ ಸಖಿ ಕೇಂದ್ರದ ಆಪ್ತಸಮಾಲೋಚಕರನ್ನು ಕಾಣಿಸಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ಕೇಂದ್ರದ ದಾರಿ ತಿಳಿಸುತ್ತಾರೆ.

ಕೊನೆಯದಾಗಿ, ಅವಳು ಮತ್ತೆ ಫೋನ್ ಮಾಡಿದರೆ ಎಂಬ ಪ್ರಶ್ನೆ. ಮಾತಾಡಲು ಅರ್ಧ ನಿಮಿಷವಷ್ಟೇ ಸಿಗಬಹುದು. ಏನು ಮಾಡಿದರು, ಹೊಡೆದರಾ ಎಂದು ಕೇಳುತ್ತ ಆ ಹೊತ್ತನ್ನು ಕಳೆಯಬೇಡಿ, ರಾತ್ರಿ ಓಡಿ ಬಾ ಎಂದೂ ಹೇಳಬೇಡಿ. ಕಿಟಕಿಯಿಂದ ಏನು ಕಾಣುತ್ತದೆ ಎಂದು ಕೇಳಿ: ಅಂಗಡಿಯ ಬೋರ್ಡು, ಬಸ್ಸಿನ ಮೇಲಿನ ಅಕ್ಷರ, ರೈಲಿನ ಸದ್ದು, ಹಾಲಿನ ಪ್ಯಾಕೆಟಿನ ಹೆಸರು, ಜೊತೆಗೆ ಎಷ್ಟು ಹುಡುಗಿಯರಿದ್ದಾರೆ. ಫೋನ್ ಕೈಗೆ ಸಿಕ್ಕರೆ ತುರ್ತು ಸಂಖ್ಯೆ 112 ಅಥವಾ 1098 ಒತ್ತಲಿ, ಯಾವ ರಾಜ್ಯದಲ್ಲಿದ್ದರೂ ನಡೆಯುತ್ತದೆ. ಇದೆಲ್ಲಕ್ಕೂ ಮೊದಲು ಒಂದು ಮಾತು ಹೇಳಿ. ಮುಂಗಡ ತೀರಿಲ್ಲವೆಂದೇ ಅವಳು ಅಲ್ಲಿ ಕೂತಿದ್ದಾಳೆ. ಆ ಸಾಲ ಇನ್ನು ಇಲ್ಲ, ನಿನ್ನ ಮೇಲೆ ಯಾರದೂ ಬಾಕಿಯಿಲ್ಲ, ನಾವು ದೂರು ಕೊಟ್ಟಿದ್ದೇವೆ ಎಂದು ಹೇಳಿ. ಅದನ್ನು ಹೇಳುವ ಹೊತ್ತಿಗೆ ದೂರು ಕೊಟ್ಟಿರಬೇಕು, ಹಾಗಾಗಿ ನಾಳೆ ಬೆಳಿಗ್ಗೆಯೇ ಹೊರಡಿ.